ವಿಮಾನಗಳಿಗೆ ಬೆನ್ನು ಹಾಕಿ ನಿಂತವರು

ಹೋದ ತಿಂಗಳು ಒಂದು ಸಂಜೆ ನನ್ನ ಮಗಳು ಒಗ್ಗರಣೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಹಾಕಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಕಾಯಿಸುತ್ತಿದ್ದಳು. ನನ್ನ ಕಿವಿಗೆ ಬಿಡಲಿಕ್ಕೆ. ಒಂದು ವರ್ಷದಿಂದ ನನಗೆ ಕಿವಿ ಮಂದವಾಗಿದೆ. ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಗಳ ಸಮಾಧಾನಕ್ಕೆ ಸುಮ್ಮನಿದ್ದೇನೆ. ಬೆಳ್ಳುಳ್ಳಿ ಕೆಂಪಾಗಿ ಅದರ ವಾಸನೆ ಬೆಳಗಾವಿ ಟಿಳಕವಾಡಿಯ ನಮ್ಮ ಎರಡು ಕೋಣೆಯ ಮನೆ ತುಂಬಿದಾಗ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಆ ವಾಸನೆ ಒಬ್ಬ ಮನುಷ್ಯನದು. ಇಪ್ಪತ್ತೈದು ವರ್ಷದ ಹಿಂದೆ, ಖಾನಾಪುರದಿಂದ ಮಚ್ಛೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಅದು ದಿನಾ ನನ್ನ ಪಕ್ಕದ ಸೀಟಿನಲ್ಲಿ ಇರುತ್ತಿತ್ತು...

ಅವರನ್ನು ಫೌಂಡ್ರಿಯಲ್ಲಿ ಎಲ್ಲರೂ ಚಾಚಾ ಅನ್ನುತ್ತಿದ್ದರು. ನನಗಿಂತ ಆರೇಳು ವರ್ಷ ದೊಡ್ಡವರು, ಅಷ್ಟೇ. ನಾನು ಮಚ್ಛೆಯ ಆ ಕಬ್ಬಿಣ ಎರಕದ ಫೌಂಡ್ರಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನು ಎಂಬುದೊಂದೇ ನನ್ನ ಅರ್ಹತೆ. ಚಾಚಾ ಶಾಲೆಯ ಮುಖ ಹೆಚ್ಚು ಕಂಡವರಲ್ಲ. ಆದರೆ ಇಡೀ ಕಾರ್ಖಾನೆಯಲ್ಲಿ ಮಾಲೀಕರು ನಿಂತು ಮಾತಾಡಿಸುತ್ತಿದ್ದದ್ದು ಅವರೊಬ್ಬರನ್ನೇ.

ಅವರ ಕೆಲಸ ಎರಕವನ್ನು ಬಡಿದು ಕೇಳುವುದು. ನೀರಿನ ಪಂಪಿನ ಬಾಡಿಗಳನ್ನು ಅಚ್ಚಿನಿಂದ ಬಿಡಿಸಿ, ಮಣ್ಣು ಉದುರಿಸಿ, ಸಾಲಾಗಿ ಇಟ್ಟ ಮೇಲೆ ಚಾಚಾ ಒಂದೊಂದನ್ನೂ ಸರಪಳಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕುತ್ತಿದ್ದರು. ಒಳಗೆ ಬಿರುಕಿಲ್ಲದ ತುಂಡು ಗಂಟೆಯ ಹಾಗೆ ಹಾಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಕುಂದುತ್ತದೆ. ಹಾಡಿದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಅನುಮಾನವಿದ್ದರೆ ತ್ರಿಕೋನ, ಅದನ್ನು ಬದಿಗಿಟ್ಟು ಮತ್ತೊಮ್ಮೆ ಬಡಿದು ನೋಡಬೇಕು. ಕೆಟ್ಟದ್ದಕ್ಕೆ ಕತ್ತರಿ ಗುರುತು. ಕತ್ತರಿ ಗುರುತು ಬಿದ್ದದ್ದನ್ನು ದೊಡ್ಡ ಸುತ್ತಿಗೆಯಿಂದ ಒಡೆದು ಮತ್ತೆ ಕುಲುಮೆಗೆ ಹಾಕುವುದು. ಆ ಗುರುತುಗಳನ್ನು ನೋಡಿ ಲೆಕ್ಕ ಹಚ್ಚಿ ಮಾಲು ಕಳಿಸುವವನು ನಾನು. ಹನ್ನೊಂದು ವರ್ಷ ಅವರು ಹಾಕಿದ ಗುರುತು ಓದಿಯೇ ನಾನು ಅನ್ನ ಉಂಡೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಖಂಡೇನವಮಿಗೆ ಕುಲುಮೆ ಪೂಜೆ ಮಾಡುವ ಮುಂಚೆ ಕೊನೆಯ ಕಬ್ಬಿಣದಲ್ಲಿ ಕೆಲಸಗಾರರ ಮನೆಗೆಂದು ಪಡ್ಡಿನ ಹಂಚು ಎರೆಯುತ್ತಿದ್ದರು. ಅವನ್ನೂ ಚಾಚಾ ಬಡಿದು ಕೇಳಿಯೇ ಕೊಡುತ್ತಿದ್ದರು. ನನ್ನ ಮನೆಯಲ್ಲಿ ಇವತ್ತಿಗೂ ಪಡ್ಡು ಬೇಯುವುದು ಅವರು ಸೊನ್ನೆ ಹಾಕಿ ಕೊಟ್ಟ ಹಂಚಿನಲ್ಲಿ.

ಇಬ್ಬರ ಮನೆಯೂ ಆಗ ಖಾನಾಪುರದಲ್ಲಿ. ಅವರು ಮೊದಲೇ ಬಸ್ಸು ಹತ್ತಿ ಸೀಟಿಗೆ ಕರವಸ್ತ್ರ ಹಾಕಿ ನನಗೆ ಜಾಗ ಹಿಡಿಯುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಕಾರಕೂನರು ಎಂದು, ಸ್ವಲ್ಪ ಗೌರವ, ಸ್ವಲ್ಪ ಚೇಷ್ಟೆ. ಕಿವಿಯಲ್ಲಿ ಹತ್ತಿ, ಹತ್ತಿಯಲ್ಲಿ ಬೆಳ್ಳುಳ್ಳಿ ಎಣ್ಣೆ. ಕೇಳಿದರೆ ಥಂಡಿ ಅನ್ನುತ್ತಿದ್ದರು. ಬೇಸಿಗೆಯಲ್ಲೂ ಥಂಡಿಯೇ. ಅದನ್ನು ನಾನು ಆಗ ಯೋಚಿಸಬೇಕಿತ್ತು.

ಗಂಟು ಬಿದ್ದದ್ದು ಹನ್ನೊಂದನೆಯ ವರ್ಷದ ಮಳೆಗಾಲದಲ್ಲಿ. ಪುಣೆಯ ಗಿರಾಕಿಗೆ ಕಳಿಸಿದ ಮಾಲಿನಲ್ಲಿ ಕೆಲವು ಬಾಡಿಗಳು ಬಿರುಕು ಬಿಟ್ಟು ವಾಪಸು ಬಂದವು. ಮುಂದಿನ ತಿಂಗಳು ಮತ್ತೆ ಬಂದವು. ಮಾಲೀಕರು ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದರು. ಚಾಚಾನ ಕೈ ತಪ್ಪುವುದನ್ನು ಅವರು ನಂಬುವ ಹಾಗಿರಲಿಲ್ಲ; ಇಪ್ಪತ್ತು ವರ್ಷದಿಂದ ತಪ್ಪಿರಲಿಲ್ಲ. ಹಾಗಾದರೆ ಸ್ಟೋರಿನಲ್ಲಿ ಯಾರೋ ಒಳ್ಳೆಯ ಮಾಲು ಹೊರಗೆ ಸಾಗಿಸಿ, ಒಡೆಯಬೇಕಾದದ್ದಕ್ಕೆ ಸೊನ್ನೆ ಹಾಕಿ ತುಂಬಿದ್ದಾರೆ ಎಂಬುದು ಅವರ ಲೆಕ್ಕ. ಅವರು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಮುಖ ನೋಡಿದರು. ಮಗಳು ಇನ್ನೂ ಹೈಸ್ಕೂಲಿನಲ್ಲಿದ್ದಳು, ಕಳ್ಳನೆಂದು ಹೊರಗೆ ಹಾಕಿಸಿಕೊಂಡ ಸ್ಟೋರ್‌ಕೀಪರನಿಗೆ ಬೆಳಗಾವಿಯಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ.

ಆಗ ಚಾಚಾ ಬಾಯಿ ತೆರೆದರು.

"ಕಾರಕೂನ್ರ ಕೈ ಸ್ವಚ್ಛ ಐತ್ರಿ ಸಾಹೇಬ್ರ. ಅವ್ರ ಮ್ಯಾಲ ಸಂಶೆ ಬ್ಯಾಡ."

ಹೊರಗೆ ಬಂದ ಮೇಲೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಈ ಮನುಷ್ಯ ನನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದ? ಕದ್ದವನು ನಾನಲ್ಲ ಎಂದು ಇವನಿಗೆ ಖಚಿತವಾಗಿ ಗೊತ್ತಿರಬೇಕಾದರೆ ಮಾಡಿದವರು ಯಾರೆಂದೂ ಗೊತ್ತಿರಬೇಕು... ನನ್ನ ತಲೆ ಆ ದಿನದಿಂದ ಹೀಗೆ ಓಡತೊಡಗಿತು.

ಸಂಶಯದ ಕಣ್ಣಿಗೆ ಎಲ್ಲವೂ ಸಾಕ್ಷಿಯಾಗುತ್ತದೆ. ಮೊದಲು ಚಾಚಾ ಒಂದು ಏಟು ಹಾಕಿ, ಮುಖ ಬೇರೆ ಕಡೆ ತಿರುಗಿಸಿ, ಗುರುತು ಎಳೆದು ಮುಂದೆ ಹೋಗುವವರು. ಈಗ ಎಡಗೈಯ ಬೆರಳನ್ನು ತುಂಡಿನ ಮೇಲೆ ಮೆತ್ತಗೆ ಇಟ್ಟು, ಎರಡು ಮೂರು ಏಟು ಹಾಕುತ್ತಿದ್ದರು. ಯಾಕೆ? ಹಿಂದಿನಿಂದ ಕರೆದರೆ ಕೆಲವು ಸಲ ತಿರುಗಿ ನೋಡುತ್ತಿರಲಿಲ್ಲ. ಸೊಕ್ಕು ಎಂದುಕೊಂಡೆ. ಬಸ್ಸಿನಲ್ಲಿ ನಾನು ಒಂದು ಕೇಳಿದರೆ ನಕ್ಕು ತಲೆಯಾಡಿಸಿ ಬಿಡುತ್ತಿದ್ದರು. ಮಾತು ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಎದುರಾಳಿ ಫೌಂಡ್ರಿಯವರು ಯಾರೋ ಇವರ ಕೈ ಬಿಸಿ ಮಾಡಿ ಕೆಟ್ಟ ಮಾಲನ್ನು ಪಾಸು ಮಾಡಿಸುತ್ತಿದ್ದಾರೆ, ನಮ್ಮ ಗಿರಾಕಿ ಮುರಿಯಲಿ ಎಂದು. ಇದು ನಾನು ಕಟ್ಟಿದ ಕಥೆ. ಅದಕ್ಕೆ ಆಧಾರ ಒಂದೂ ಇರಲಿಲ್ಲ.

ಖಂಡೇನವಮಿ ಮುಗಿದು ಕುಲುಮೆ ಆರಿದ ಮೇಲೆ ಮಾಲೀಕರು ನಮ್ಮನ್ನೆಲ್ಲ ಒಂದು ದಿನ ಗೋವಾಕ್ಕೆ ಕಳಿಸಿದರು. ಜಾಂಬೋಟಿ ಮೇಲೆ ಹಾಯ್ದು ಘಟ್ಟ ಇಳಿದು ಹೋಗುವ ಮಿನಿ ಬಸ್ಸು. ಬೀಚು ಯಾವುದು ಎಂದು ಆರಿಸಿದ್ದು ಚಾಚಾ. ಅಲ್ಲಿ ವಿಮಾನಗಳು ನೆತ್ತಿ ಮೇಲೆಯೇ ಇಳಿಯುತ್ತವೆ, ಎಲ್ಲೂ ಹಾಗೆ ನೋಡಲು ಸಿಗುವುದಿಲ್ಲ ಎಂದು ಅವರು ಹೇಳಿದಾಗ ಹುಡುಗರೆಲ್ಲ ಹೂಂ ಅಂದಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ವಿಮಾನ ಮೊದಲು ಸಮುದ್ರದ ಮೇಲೆ ಒಂದು ಚುಕ್ಕಿಯ ಹಾಗೆ ಕಾಣುತ್ತಿತ್ತು. ಆಮೇಲೆ ಅಲ್ಲಾಡದೆ ನಿಂತಂತೆಯೇ ದೊಡ್ಡದಾಗುತ್ತಿತ್ತು. ಒಮ್ಮೆಲೇ ಅದರ ಹೊಟ್ಟೆ, ಇಳಿಬಿಟ್ಟ ಗಾಲಿಗಳು, ರೆಕ್ಕೆಯ ಕೆಳಗಿನ ಮಸಿ, ಎಲ್ಲ ತಲೆಯ ಮೇಲೆ. ಕಿವಿ ಹರಿಯುವ ಸದ್ದು. ಮರಳಿನ ಮೇಲೆ ನೆರಳು ನಮ್ಮನ್ನು ತುಳಿದು ಹಾಯ್ದು, ತೆಂಗಿನ ಮರಗಳನ್ನು ದಾಟಿ, ಗುಡ್ಡದಾಚೆ ಇಳಿಯುತ್ತಿತ್ತು. ಫಾರಿನ್ ಮಂದಿ ಮರಳಲ್ಲಿ ಅಂಗಾತ ಮಲಗಿ ಫೋಟೋ ತೆಗೆಯುತ್ತಿದ್ದರು. ನಮ್ಮವರು ಮೊದಲ ವಿಮಾನಕ್ಕೆ ತಲೆ ಬಗ್ಗಿಸಿ ಕೂತೇ ಬಿಟ್ಟರು, ಎರಡನೆಯದಕ್ಕೆ ಕುಣಿದರು. ಅಚ್ಚು ಕಟ್ಟುವ ನಮ್ಮ ಮುಖ್ಯ ಮೋಲ್ಡರ್, ಒಬ್ಬ ದಪ್ಪ ಮನುಷ್ಯ, ಕೈಯಲ್ಲಿ ಒಂದು ಕೋಲು ಇದ್ದಿದ್ದರೆ ಗಾಲಿ ಮುಟ್ಟಿ ಬರುತ್ತಿದ್ದೆ ಎಂದು ಆಣೆ ಮಾಡಿ ಹೇಳಿದ.

ಚಾಚಾ ಮಾತ್ರ ಒಂದು ಬದಿಗೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು. ಕಣ್ಣು ಮುಚ್ಚಿತ್ತು. ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದಿದ್ದರು. ಎಲ್ಲರೂ ಮೇಲೆ ನೋಡುತ್ತಿರುವಾಗ ಅವರೊಬ್ಬರೇ ನೋಡುತ್ತಿರಲಿಲ್ಲ. ಯಾವುದೋ ಒಂದು ಕ್ಷಣಕ್ಕೆ ಥಟ್ಟನೆ ಹಿಂದೆ ತಿರುಗಿ ವಿಮಾನ ಎಲ್ಲಿದೆ ಎಂದು ನೋಡುವುದು, ಗಡಿಯಾರ ನೋಡುವುದು, ಜೇಬಿನಿಂದ ಸಣ್ಣ ವಹಿ ತೆಗೆದು ಏನೋ ಬರೆಯುವುದು.

ಮೋಲ್ಡರ್ ಅವರ ಹತ್ತಿರ ಹೋಗಿ, "ಚಾಚಾ, ಇಮಾನಕ್ಕೂ ಸುತ್ತಿಗಿ ಬಡದು ಪಾಸ್ ಮಾಡಾಕತ್ತೀರೇನು?" ಎಂದು ಭುಜ ತಟ್ಟಿದ. ಚಾಚಾ ಬೆಚ್ಚಿಬಿದ್ದರು. ವಹಿ ಒಳಗಿಟ್ಟು ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗುಡ್ಡದಾಚೆಯ ಆ ವಿಮಾನ ನಿಲ್ದಾಣದಲ್ಲಿ ಪ್ರವಾಸಿಗಳ ವಿಮಾನ ಮಾತ್ರವಲ್ಲ, ನೌಕಾದಳದ ವಿಮಾನಗಳೂ ಇಳಿಯುತ್ತಿದ್ದವು. ಅವು ಇಳಿದಾಗಲೂ ಅವರು ಬರೆದದ್ದನ್ನು ನಾನು ನೋಡಿದ್ದೆ.

ಆಮೇಲೆ ಗೊತ್ತಾಯಿತು, ಚಾಚಾ ಅಲ್ಲಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದರು. ನನ್ನೊಡನೆ ಹೇಳುತ್ತಿದ್ದದ್ದು ಲೋಂಡಾದಲ್ಲಿ ತಂಗಿಯ ಮನೆಗೆ ಹೋಗಿದ್ದೆ ಎಂದು. ಒಂದು ಸೋಮವಾರ ಬಸ್ಸಿನಲ್ಲಿ ಕರವಸ್ತ್ರ ತೆಗೆಯುವಾಗ ಅವರ ಜೇಬಿನಿಂದ ಬಿದ್ದ ರೈಲು ಟಿಕೀಟು ವಾಸ್ಕೋದ್ದು, ಆ ಬೀಚಿನ ಪಕ್ಕದ ಊರಿನದು. ನಾನು ಎತ್ತಿ ಕೊಟ್ಟೆ. ಅವರು ಇಸಕೊಂಡರು. ಜೇಬಿಗಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅದು ಎಂಥ ಕಾಲ ಎಂಬುದು ನೆನಪಿರುವವರಿಗೆ ನೆನಪಿರುತ್ತದೆ. ಆ ಬೇಸಿಗೆ ಗಡಿಯಲ್ಲಿ ಯುದ್ಧವಾಗಿತ್ತು. ವರ್ಷದ ಕೊನೆಗೆ ನಮ್ಮ ವಿಮಾನವೊಂದನ್ನು ಅಪಹರಿಸಿಕೊಂಡು ಹೋಗಿದ್ದರು. ಪೇಪರಿನಲ್ಲಿ ದಿನಾ ಅದೇ. ಚಹಾದಂಗಡಿಯಲ್ಲಿ ಅದೇ. ಯಾರು ಯಾರ ಪಕ್ಕದಲ್ಲಿ ಏನು ಮಾಡುತ್ತಿದ್ದಾರೋ ಯಾರಿಗೆ ಗೊತ್ತು ಎಂದು ಬಸ್ಸಿನಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು, ಚಾಚಾ ಬಂದು ಕೂತರೆ ಸುಮ್ಮನಾಗುತ್ತಿದ್ದರು. ನಾನೂ ಸುಮ್ಮನಾಗುತ್ತಿದ್ದೆ.

ಜನವರಿಯ ಒಂದು ಮಧ್ಯಾಹ್ನ ಚಾಚಾ ತಮ್ಮ ಕೋಟು ಸ್ಟೋರಿನ ಗೂಟಕ್ಕೆ ಹಾಕಿ ನಮಾಜಿಗೆ ಹೋಗಿದ್ದರು. ನಾನು ಬಾಗಿಲು ಮುಂದೆ ಮಾಡಿ ಆ ಜೇಬಿಗೆ ಕೈ ಹಾಕಿದೆ. ಹನ್ನೊಂದು ವರ್ಷ ನನಗೆ ಸೀಟು ಹಿಡಿದ ಮನುಷ್ಯನ ಜೇಬು.

ವಹಿಯಲ್ಲಿ ಪುಟಪುಟವೂ ತಾರೀಖು, ವೇಳೆ, ಪಕ್ಕದಲ್ಲಿ ಒಂದು ಗುರುತು. ಸೊನ್ನೆ, ತ್ರಿಕೋನ, ಕತ್ತರಿ. ನಮ್ಮ ಫೌಂಡ್ರಿಯ ಅವೇ ಗುರುತುಗಳು. ಮೊದಲ ಪುಟಗಳಲ್ಲಿ ಸೊನ್ನೆಗಳೇ ಹೆಚ್ಚು. ನಂತರ ತ್ರಿಕೋನ. ಕೊನೆಯ ಪುಟಗಳ ತುಂಬ ಕತ್ತರಿ. ನನ್ನ ಕಣ್ಣಿಗೆ ಕತ್ತರಿ ಗುರುತಿಗೆ ಒಂದೇ ಅರ್ಥ, ಒಡೆಯಬೇಕಾದದ್ದು. ಬೇರೆ ಊರಿನವನೊಬ್ಬ ಆ ವಹಿ ನೋಡಿದ್ದರೆ ಏನೋ ಆಟ ಎಂದು ಮುಚ್ಚಿಡುತ್ತಿದ್ದ. ನಾನು ಮಾತ್ರ, ಆ ಗುರುತು ಬಿದ್ದ ತುಂಡುಗಳನ್ನು ದಿನವೂ ದೊಡ್ಡ ಸುತ್ತಿಗೆಯ ಕೆಳಗೆ ಕಳಿಸುತ್ತಿದ್ದವನು, ವಿಮಾನಗಳ ಎದುರಿಗೆ ಅದನ್ನು ಕಂಡು ಬೆವತುಹೋದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅದೇ ವಹಿ ಮೋಲ್ಡರನ ಜೇಬಿನಲ್ಲಿ ಸಿಕ್ಕಿದ್ದರೆ ನಾನು ಅವನನ್ನೇ ಹೋಗಿ ಕೇಳುತ್ತಿದ್ದೆ. ಚಾಚಾನನ್ನು ಕೇಳಲಿಲ್ಲ. ಅವರ ಹೆಸರೊಂದೇ ನನಗೆ ಸಾಕಾಯಿತು. ದೇಶದ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಇನ್ನೊಂದಿತ್ತು: ಇವರು ಸಿಕ್ಕಿಬಿದ್ದರೆ ವಾಪಸು ಬಂದ ಮಾಲಿನ ಗುಮಾನಿ ನನ್ನ ಮೇಲಿಂದ ಇಳಿಯುತ್ತದೆ.

ಪೊಲೀಸರಿಗೆ ಒಂದು ಪತ್ರ ಎಡಗೈಯಲ್ಲಿ ಬರೆದೆ. ಸಹಿ ಹಾಕಲಿಲ್ಲ. ಯಾರು, ಎಲ್ಲಿ, ಯಾವಾಗ ಹೋಗುತ್ತಾರೆ, ವಹಿ ಎಲ್ಲಿರುತ್ತದೆ, ಕತ್ತರಿ ಗುರುತು ಅಂದರೆ ಒಡೆಯತಕ್ಕದ್ದು ಎಂದು ಅರ್ಥ, ಇಷ್ಟೂ ವಿವರವಾಗಿ. ಬೆಳಗಾವಿ ಸ್ಟೇಶನ್ನಿನ ಹೊರಗಿನ ಅಂಚೆ ಡಬ್ಬಿಗೆ ಹಾಕಿ, ಅಲ್ಲೇ ನಿಂತು ಒಂದು ಚಹಾ ಕುಡಿದೆ. ಚಹಾ ಚೆನ್ನಾಗಿತ್ತು. ಅದು ನೆನಪಿರುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಎರಡು ವಾರದ ಮೇಲೆ ಪೊಲೀಸರು ಜೀಪಿನಲ್ಲಿ ಬಂದರು. ಚಾಚಾ ಸರಪಳಿಗೆ ತುಂಡು ತೂಗುಹಾಕಿ ನಿಂತಿದ್ದರು. ಹಿಂದಿನಿಂದ ಎರಡು ಸಲ ಕರೆದರೂ ತಿರುಗಲಿಲ್ಲ. ಮೂರನೆಯ ಸಲ ತೋಳು ಹಿಡಿದು ಎಳೆದರು. ಸೀಮೆಸುಣ್ಣ ಕೈಯಲ್ಲಿ ಇರುವಂತೆಯೇ ಹತ್ತಿಸಿಕೊಂಡು ಹೋದರು. ಫೌಂಡ್ರಿಯಲ್ಲಿ ಒಂದು ಕ್ಷಣ ಎಲ್ಲರ ಕೈ ನಿಂತಿತು. ಯಾರೋ ನನಗೆ ಮೊದಲೇ ಅನಿಸಿತ್ತು ಅಂದರು. ಇನ್ನೊಬ್ಬರೂ ಅಂದರು. ನೋಡನೋಡುತ್ತ ಎಲ್ಲರಿಗೂ ಮೊದಲೇ ಅನಿಸಿತ್ತು ಎಂದಾಯಿತು.

ಮೂರು ದಿನ ಇಟ್ಟುಕೊಂಡರು. ಮೂರನೆಯ ದಿನ ಮಾಲೀಕರನ್ನು ಕರೆಸಿದರು. ಅವರು ಸಂಜೆ ವಾಪಸು ಬಂದು ನಮ್ಮನ್ನೆಲ್ಲ ಕುಲುಮೆಯ ಮುಂದೆ ನಿಲ್ಲಿಸಿ ಹೇಳಿದರು.

ಚಾಚಾಗೆ ಎರಡು ವರ್ಷದಿಂದ ಕಿವಿ ಹೋಗುತ್ತಿತ್ತು. ಜೀವಮಾನವಿಡೀ ಕಬ್ಬಿಣದ ಸದ್ದಿನಲ್ಲಿ ನಿಂತವರಿಗೆ ಮೊದಲು ಹೋಗುವುದು ತೆಳುವಾದ ದನಿ, ಎರಕದ ಹಾಡಿನ ಕೊನೆಯ ಎಳೆ. ಕಾರ್ಮಿಕರ ಆಸ್ಪತ್ರೆಗೆ ಹೋದರೆ ಡಾಕ್ಟರ ಕಾಗದ ನಮ್ಮ ಕಾರ್ಖಾನೆಗೆ ಬರುತ್ತದೆ, ಕಾಗದ ಬಂದರೆ ಕೆಲಸ ಹೋಗುತ್ತದೆ. ಅದಕ್ಕೆ ತಮ್ಮ ಕಿವಿಯನ್ನು ತಾವೇ ಬಡಿದು ನೋಡಿಕೊಳ್ಳಲು ಒಂದು ಉಪಾಯ ಹುಡುಕಿದರು. ಎಷ್ಟು ಸಲ ಕೇಳಿದರೂ ಒಂದೇ ಕಡೆಯಿಂದ, ಒಂದೇ ಎತ್ತರದಲ್ಲಿ, ಒಂದೇ ದಾರಿಯಲ್ಲಿ ಬರುವ ಸದ್ದು ಬೇಕಿತ್ತು ಅವರಿಗೆ. ಆ ಬೀಚಿನ ವಿಮಾನಗಳು ಹಾಗೆ ಬರುತ್ತಿದ್ದವು. ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಲ್ಲುವುದು. ಸದ್ದು ಕಿವಿಗೆ ಬಿದ್ದೊಡನೆ ತಿರುಗುವುದು. ವಿಮಾನ ಇನ್ನೂ ದೂರ ಸಮುದ್ರದ ಮೇಲಿದ್ದರೆ ಸೊನ್ನೆ. ದಂಡೆಯ ದೋಣಿಗಳ ಹತ್ತಿರ ಬಂದಿದ್ದರೆ ತ್ರಿಕೋನ. ನೆತ್ತಿಯ ಮೇಲೆ ಬರುವ ತನಕ ಕೇಳದಿದ್ದರೆ ಕತ್ತರಿ.

ಕತ್ತರಿ ಗುರುತು ಬಿದ್ದದ್ದು ವಿಮಾನಕ್ಕಲ್ಲ, ಅವರಿಗೇ.

ಪೊಲೀಸರು ನಂಬಲಿಲ್ಲ. ಕಿವಿಯ ಡಾಕ್ಟರಲ್ಲಿಗೆ ಕರೆದೊಯ್ದರು. ಡಾಕ್ಟರು ಬರೆದುಕೊಟ್ಟ ಕಾಗದ ಅವರನ್ನು ದೇಶದ್ರೋಹಿಯಲ್ಲ ಎಂದು ಬಿಡಿಸಿತು. ಅದೇ ಕಾಗದ ಮಾಲೀಕರ ಕೈಯಲ್ಲೂ ಇತ್ತು. ಯಾವುದನ್ನು ಎರಡು ವರ್ಷ ಮುಚ್ಚಿಟ್ಟಿದ್ದರೋ ಅದನ್ನು ತಾವೇ ಬಿಚ್ಚಿ ಹೇಳಿ, ಸಾಬೀತು ಮಾಡಿ, ಅವರು ಹೊರಗೆ ಬರಬೇಕಾಯಿತು. ಬಿರುಕಿನ ಮಾಲು ಪುಣೆಗೆ ಹೋದದ್ದು ಹೇಗೆಂದೂ ಆ ಕಾಗದ ಹೇಳಿತು. ಮಾಲೀಕರು ಅಂದು ನನ್ನ ಹತ್ತಿರ ಬಂದು, ನಿನ್ನ ಮೇಲೆ ಸಂಶಯಪಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಚಾಚಾಗೆ ಮಾಲೀಕರು ಮಣ್ಣು ಜರಡಿ ಹಿಡಿಯುವ ಕೆಲಸ ಕೊಡುತ್ತೇನೆ ಎಂದರಂತೆ. ಚಾಚಾ ಒಲ್ಲೆ ಎಂದರು. ಬಿಟ್ಟು ಹೋಗುವ ದಿನ ತಮ್ಮ ಸುತ್ತಿಗೆಯನ್ನು ಜಮಾ ಮಾಡಲು ಸ್ಟೋರಿಗೆ ಬಂದರು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಇನ್ನು ಯಾರಿಂದ ಮುಚ್ಚಿಡಬೇಕು? ನಾನು ಜಮಾ ಪುಸ್ತಕ ತೆಗೆದು ಬರೆಯುವ ನೆಪದಲ್ಲಿ ತಲೆ ಎತ್ತಲಿಲ್ಲ. ಅವರು ಸುತ್ತಿಗೆಯನ್ನು ಮೇಜಿನ ಮೇಲೆ, ಹಿಡಿಕೆ ನನ್ನ ಕಡೆಗೆ ಬರುವ ಹಾಗೆ ಇಟ್ಟರು.

"ಕತ್ತರಿ ಅಂದ್ರ ಒಡಿಯೂದು ಅಂತ ಪತ್ರದಾಗ ಬರದಾರ್ರಿ ಕಾರಕೂನ್ರ. ಪೊಲೀಸ್ರು ಓದಿ ಹೇಳಿದ್ರು."

ನಾನು ಬರೆಯುತ್ತಲೇ ಇದ್ದೆ.

"ನನ್ನ ಗುರ್ತು ಇಷ್ಟು ಛಲೋ ಓದಾವ್ರು ಈ ಫೌಂಡ್ರಿಯೊಳಗ ಒಬ್ರ ಅದಾರ."

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ರಸೀತಿಗಾಗಿ ನಿಂತರು. ಆಗಲಾದರೂ ನಾನು ಮಾತಾಡಬಹುದಿತ್ತು. ತಪ್ಪಾಯಿತು ಎನ್ನಲು ಒಂದು ಉಸಿರು ಸಾಕು. ತುಟಿ ಅಲ್ಲಾಡಿಸಿದ್ದರೂ ಅವರು ಓದುತ್ತಿದ್ದರು, ಎರಡು ವರ್ಷದಿಂದ ಅವರು ನಮ್ಮನ್ನು ಹಾಗೆಯೇ ಕೇಳುತ್ತಿದ್ದರು. ನಾನು ರಸೀತಿ ಹರಿದು ಕೊಟ್ಟೆ. ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದರು.

ಆಮೇಲೆ ನಾನು ಬಸ್ಸಿನ ವೇಳೆ ಬದಲಿಸಿದೆ. ಖಾನಾಪುರದಲ್ಲಿ ಅವರ ಓಣಿಯ ದಾರಿ ಬಿಟ್ಟೆ. ಅವರು ಅಣ್ಣನ ಇಟ್ಟಿಗೆ ಭಟ್ಟಿಯಲ್ಲಿ ಕೂಡುತ್ತಾರೆ ಎಂದು ಕೇಳಿದೆ. ಒಂದು ದಿನ ಪೇಟೆಯಲ್ಲಿ ಎದುರಿಗೇ ಬಂದರು. ನಾನು ಬಳೆಯಂಗಡಿಯೊಂದಕ್ಕೆ ಹೊಕ್ಕೆ. ಅವರು ನೋಡಿದರೋ ಇಲ್ಲವೋ... ನೋಡಿರಬೇಕು. ಮಗಳ ನೌಕರಿಯ ನೆಪದಲ್ಲಿ ನಾವು ಟಿಳಕವಾಡಿಗೆ ಬಂದೆವು. ನಿಜವಾಗಿ ನಾನು ಆ ಊರಿನಿಂದ ಓಡಿ ಬಂದದ್ದು. ಕೆಲವು ವರ್ಷಗಳ ಮೇಲೆ ಮೋಲ್ಡರ್ ಸಿಕ್ಕು, ಚಾಚಾ ತೀರಿಕೊಂಡರು, ಮಣ್ಣಿಗೆ ನೀನೂ ಬರುತ್ತೀ ಎಂದು ದಾರಿ ನೋಡಿದೆವು ಎಂದ. ನೀವಿಬ್ಬರೂ ಅಷ್ಟು ದೋಸ್ತರು ಎಂದೂ ಅಂದ.

ಫೌಂಡ್ರಿ ಮುಚ್ಚುವಾಗ ಹಳೆಯ ಸಾಮಾನುಗಳನ್ನು ಗುಜರಿಗೆ ಹಾಕುತ್ತಿದ್ದರು. ಸುತ್ತಿಗೆಯನ್ನು ನಾನು ಚೀಲದಲ್ಲಿ ಹಾಕಿಕೊಂಡು ಬಂದೆ. ಮಾಲೀಕರು ಮೊದಲು ಗುಮಾನಿಪಟ್ಟಂಥ ಕಳ್ಳತನ ನಾನು ಮಾಡಿದ್ದು ಕೊನೆಗೆ ಅದೊಂದೇ.

ಬೆಳ್ಳುಳ್ಳಿ ಎಣ್ಣೆಯ ಆ ಸಂಜೆಯ ನಂತರ ನಾನು ಮಗಳಿಗೆ ಹೇಳದೆ ಖಾನಾಪುರಕ್ಕೆ ಹೋದೆ. ಚಾಚಾನ ಹೆಂಡತಿಯ ಮುಂದೆ ಎಲ್ಲ ಹೇಳಿ ಸುತ್ತಿಗೆ ಕೊಟ್ಟು ಬರಬೇಕೆಂದು. ಮನೆ ಇತ್ತು, ಬೇರೆ ಸಂಸಾರ ಇತ್ತು. ಆಕೆಯೂ ಹೋಗಿ ಆರು ವರ್ಷವಾಯಿತಂತೆ. ಬಾಗಿಲಲ್ಲಿ ನಿಂತ ಹೆಣ್ಣುಮಗಳು ನನಗೆ ಕೇಳಲಿ ಎಂದು ಅದನ್ನು ಎರಡು ಸಲ ಹೇಳಬೇಕಾಯಿತು. ಮರುವಾರ ಆ ಬೀಚಿಗೂ ಹೋದೆ. ಈಗ ಅಲ್ಲಿ ಹೋಟೆಲುಗಳು ಬಂದಿವೆ, ವಿಮಾನಗಳು ಮಾತ್ರ ಅದೇ ದಾರಿಯಲ್ಲಿ ಅಷ್ಟೇ ಕೆಳಗೆ ಇಳಿಯುತ್ತವೆ. ಎಲ್ಲರೂ ಮೊಬೈಲು ಎತ್ತಿ ನಿಂತಿದ್ದರು. ನಾನು ಸಮುದ್ರಕ್ಕೆ ಬೆನ್ನು ಹಾಕಿ ಕಣ್ಣು ಮುಚ್ಚಿ ನಿಂತೆ. ಬಹಳ ಹೊತ್ತು ಏನೂ ಇಲ್ಲ. ನಂತರ ಮುಚ್ಚಿದ ಕಣ್ಣಿನ ಮೇಲೆ ನೆರಳು ಹಾಯಿತು. ಎದೆಗೂಡು ನಡುಗಿತು. ಸದ್ದು ಕಿವಿಗೆ ಬಿದ್ದು ಕಣ್ಣು ತೆರೆದಾಗ ವಿಮಾನ ತೆಂಗಿನ ಮರ ದಾಟಿತ್ತು. ಅಲ್ಲಿದ್ದ ಒಬ್ಬ ಪಹರೆಯವನು ನನ್ನನ್ನೇ ನೋಡುತ್ತಿದ್ದ. ಎಲ್ಲರೂ ಮೇಲೆ ನೋಡುವಲ್ಲಿ ಈ ಮುದುಕ ಯಾಕೆ ನೋಡುತ್ತಿಲ್ಲ ಎಂಬ ಆ ನೋಟ ನನಗೆ ಪರಿಚಯದ್ದು.

ಮನೆಗೆ ಬಂದು ಪಡ್ಡಿನ ಹಂಚನ್ನು ಹಗ್ಗಕ್ಕೆ ಕಟ್ಟಿ ಹಿತ್ತಲಿನ ತಂತಿಗೆ ತೂಗುಹಾಕಿದೆ. ಮಗಳು ಇದೇನು ಹೊಸ ಹುಚ್ಚು ಎಂಬಂತೆ ಕೈ ಒರೆಸುತ್ತ ಬಂದು ನಿಂತಳು. ಚಾಚಾನ ಸುತ್ತಿಗೆಯಿಂದ ಒಂದೇ ಏಟು ಹಾಕಿದೆ. ನನಗೆ ಕೇಳಿದ್ದು ಕಬ್ಬಿಣಕ್ಕೆ ಕಬ್ಬಿಣ ತಾಗಿದ ಟಕ್ ಎಂಬ ಸದ್ದು, ಅಷ್ಟೇ. ನಾನು ಅವಳ ಮುಖ ನೋಡುತ್ತ ನಿಂತೆ.

"ದನಿ ನಿಂತಿತೇನವಾ?"

ಅವಳು ಬೆರಳೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಕತ್ತು ವಾರೆ ಮಾಡಿ ಇನ್ನೂ ಕೇಳುತ್ತಲೇ ಇದ್ದಳು.